ಕರಿಗುಡ್ಡದ ತೊಗಟೆ

ಸೆತೂಬಲ್, ೨೭ ಮೇ ೧೯೯೬

ಶ್ರೀ ಬೆಲ್ಮಿರೊ ಅವರಿಗೆ,

ನಿಮ್ಮ ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ನೋಡಿದರೆ ನಿಮ್ಮ ಬೆಲ್ಟು ಕೋಣೆಯ ಗೂಟದಲ್ಲೇ ತೂಗುತ್ತಿತ್ತು. ಸೆರೆಮನೆಯಿಂದ ನೇರ ನಮ್ಮ ಈ ಆಶ್ರಯಮನೆಗೆ ಬರುವ ಗಂಡಸರಲ್ಲಿ ಹೆಚ್ಚಿನವರು ಮರೆತು ಹೋಗುವುದು ಇದನ್ನೇ. ಒಳಗೆ ಬೆಲ್ಟು ಕಟ್ಟಲು ಬಿಡುವುದಿಲ್ಲ. ಸೊಂಟಕ್ಕೆ ಅದರ ನೆನಪೇ ಹೋಗಿರುತ್ತದೆ. ಅಂಚೆಯಲ್ಲಿ ಕಳಿಸಲೇ, ಇಲ್ಲೇ ಇಟ್ಟಿರಲೇ, ತಿಳಿಸಿ.

ಷರತ್ತನ್ನು ಇನ್ನೊಮ್ಮೆ ಬರೆಯುತ್ತೇನೆ, ಬರೆಯುವುದು ನನ್ನ ಕೆಲಸ. ಹನ್ನೆರಡು ವರ್ಷದ ಶಿಕ್ಷೆಯಲ್ಲಿ ಒಂಬತ್ತು ಕಳೆದು ಹೊರಗೆ ಬಂದಿದ್ದೀರಿ. ಆಗಸ್ಟ್ ಕೊನೆಯವರೆಗೆ, ಅಂದರೆ ಕಾರ್ಕ್ ಮರಗಳ ತೊಗಟೆ ಸುಲಿಯುವ ಹಂಗಾಮು ಮುಗಿಯುವವರೆಗೆ, ಮೇಸ್ತ್ರಿ ಗಾಲ್ರಿತೊ ಅವರ ಗುಂಪಿನಲ್ಲಿ ನಿಂತರೆ ಉಳಿದ ಮೂರು ವರ್ಷವನ್ನೂ ಹೊರಗೇ ಕಳೆಯಬಹುದು. ನಡುವೆ ಬಿಟ್ಟು ಬಂದರೆ ನ್ಯಾಯಾಧೀಶರು ಮತ್ತೆ ಒಳಗೆ ಕಳಿಸುತ್ತಾರೆ. ಜೂನ್ ಕೊನೆಯೊಳಗೆ ನಾನು ಅವರಿಗೊಂದು ವರದಿ ಕೊಡಬೇಕು. ಅಲ್ಲಿ ಫೋನು ಇರುವುದು ಹೆಂಡದಂಗಡಿಯಲ್ಲಿ ಮಾತ್ರ, ಮಾತಾಡಿದ್ದನ್ನೆಲ್ಲ ಊರೇ ಕೇಳಿಸಿಕೊಳ್ಳುತ್ತದೆ ಎಂದಿರಿ. ಹಾಗಾದರೆ ಪತ್ರ ಬರೆಯಿರಿ.

ಬಿಡುಗಡೆಯಾದವರಿಗೆ ನೀವು ಏನು ಕೊಡುತ್ತೀರಿ ಎಂದು ಜನ ನನ್ನನ್ನು ಕೇಳುವುದುಂಟು. ಹಾಸಿಗೆ, ಕಾಗದಪತ್ರ, ಒಂದು ಬೆಲ್ಟು ಎನ್ನುತ್ತೇನೆ. ನಗುತ್ತಾರೆ. ನಾನು ತಮಾಷೆಗೆ ಹೇಳಿರುವುದಿಲ್ಲ. ಉಳಿದದ್ದನ್ನು ಯಾರು ಕೊಡುತ್ತಾರೋ ನನಗೆ ಇನ್ನೂ ಗೊತ್ತಾಗಿಲ್ಲ.

ಲುಸಿಂದಾ


ಅಜಿನ್ಯಾಲ್, ೯ ಜೂನ್ ೧೯೯೬

ದೋನಾ ಲುಸಿಂದಾ ಅವರಿಗೆ ವಂದನೆಗಳು.

ಬೆಲ್ಟು ಅಲ್ಲೇ ಇರಲಿ. ಹಗ್ಗ ಕಟ್ಟಿಕೊಂಡಿದ್ದೇನೆ.

ನಾವೆಲ್ಲ ಮಲಗುವುದು ಹಳೇ ಶಾಲೆಯಲ್ಲಿ. ನನಗೆ ಕಿಟಕಿಯ ಕೆಳಗೆ ಜಾಗ ಸಿಕ್ಕಿದೆ. ಊಟ ಚೆನ್ನಾಗಿದೆ. ಬೆಳ್ಳುಳ್ಳಿ, ಕೊತ್ತಂಬರಿ ಅರೆದು ಹಾಕಿದ ಬಿಸಿನೀರಿಗೆ ಒಣಗಿದ ರೊಟ್ಟಿ ಮುರಿದು ಹಾಕಿ ಮೇಲೊಂದು ಮೊಟ್ಟೆ ಬಿಡುತ್ತಾರೆ. ಅದರ ವಾಸನೆ ಮೂಗಿಗೆ ಬಡಿದಾಗ ಒಂದು ಗಳಿಗೆ ಬಟ್ಟಲು ಕೆಳಗಿಡಬೇಕಾಯಿತು.

ಮೇಸ್ತ್ರಿ ಮೊದಲ ದಿನ ನನ್ನ ಕೈ ಹಿಡಿದು ತಿರುಗಿಸಿ ಅಂಗೈ ನೋಡಿದರು. "ಏನಯ್ಯಾ ಇದು, ಪಾದ್ರಿ ಕೈ ಆಗೋಗಿದೆ! ಗುಳ್ಳೆ ಏಳುತ್ತೆ, ಅಳ್ತಾ ಕೂರಬೇಡ" ಎಂದರು. ಆಮೇಲೆ ಒಂದು ಕೊಡಲಿ ಕೊಟ್ಟರು. ಅವರದೇ ಹಳೆಯದು.

ನನಗೆ ಕರಿಗುಡ್ಡ ಒಪ್ಪಿಸಿದ್ದಾರೆ. ಹಿಂದೊಮ್ಮೆ ಬೆಂಕಿ ಬಿದ್ದ ಗುಡ್ಡ. ಸುಲಿದ ಮರದ ಮೇಲೆ ನಾವು ಆ ವರ್ಷದ ಕೊನೆಯ ಅಂಕಿಯನ್ನು ಬಿಳಿ ಬಣ್ಣದಲ್ಲಿ ಬರೆಯುತ್ತೇವೆ. ಆಮೇಲೆ ಒಂಬತ್ತು ವರ್ಷ ಅದನ್ನು ಯಾರೂ ಮುಟ್ಟುವಂತಿಲ್ಲ. ಈ ಗುಡ್ಡದಲ್ಲಿ ಅಂಕಿಗಳೂ ಸುಟ್ಟುಹೋಗಿವೆ. ಮರಗಳ ಮೈ ಇದ್ದಿಲಿನ ಹಾಗಿದೆ, ಒರಗಿದರೆ ಅಂಗಿ ಕಪ್ಪಾಗುತ್ತದೆ. ಆದರೆ ಮೇಲೆ ಎಲೆಗಳಿವೆ. ಹೀಗಿರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಮೊದಲ ಮರಕ್ಕೆ ಕೊಡಲಿಯ ಹಿಂಬದಿಯಿಂದ ಬಡಿದೆ. ತೊಗಟೆ ಬಿಡುವ ಹಾಗಿದ್ದರೆ ಟೊಳ್ಳು ಸದ್ದು ಬರುತ್ತದೆ. ಬಂತು. ನೇರ ಸೀಳಿ, ಹಿಡಿಯ ತುದಿಯನ್ನು ಸಂದಿಗೆ ತೂರಿಸಿ ಮೀಟಿದೆ. ಹೊರಗೆ ಕಪ್ಪು, ಅಂಗೈ ದಪ್ಪ. ಅದು ಬಿಟ್ಟುಕೊಂಡಾಗ ಒಳಗೆ ಮರದ ಮೈ ಹಸಿಹಸಿ, ತಣ್ಣಗೆ, ಆಗಷ್ಟೇ ಮೀಯಿಸಿದ ಮಗುವಿನ ಬಣ್ಣ. ಕೈ ಇಟ್ಟೆ. ಎಷ್ಟು ಹೊತ್ತು ಇಟ್ಟಿದ್ದೆನೋ ಗೊತ್ತಿಲ್ಲ. ನಮ್ಮ ಗುಂಪಿನಲ್ಲಿ ತೊಮೆ ಎಂಬ ಬಾಯಾಳಿ ಇದ್ದಾನೆ. ಅವನು ದೂರದ ಮರದಿಂದ ಕೂಗಿದ: "ಲೋ, ಅದನ್ನ ಮದುವೆ ಆಗ್ತೀಯೇನೋ?"

ನಿಮ್ಮ ವರದಿಗೆ ಬೇಕಾದರೆ ಇದನ್ನು ಬರೆದುಕೊಳ್ಳಿ: ಒಂದು ಮರ ಪೂರ್ತಿ ನನಗೊಬ್ಬನಿಗೇ. ಯಾರೂ ಹತ್ತಿರ ಬರುವುದಿಲ್ಲ. ಗಲಾಟೆ ಇಲ್ಲ.

ಬೆಲ್ಮಿರೊ


ಸೆತೂಬಲ್, ೧೯ ಜೂನ್ ೧೯೯೬

ಬೆಲ್ಮಿರೊ ಅವರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಓದಿ, ಮನೆಗೆ ಒಯ್ದು ಮತ್ತೆ ಓದಿದೆ. ಸಾಮಾನ್ಯವಾಗಿ ನಾನು ಹಾಗೆ ಮಾಡುವವಳಲ್ಲ.

"ಒಂದು ಮರ ಪೂರ್ತಿ ನನಗೊಬ್ಬನಿಗೇ." ಈ ವಾಕ್ಯವನ್ನು ವರದಿಯಲ್ಲಿ ಇದ್ದ ಹಾಗೇ ಇಳಿಸಿದ್ದೇನೆ. ಕೆಳಗೆ ನನ್ನದೂ ಎರಡು ಮಾತು ಸೇರಿಸಿದೆ: ಮೇಸ್ತ್ರಿಗೆ ಇವರ ಮೇಲೆ ಪೂರ್ಣ ಭರವಸೆ ಇದೆ, ಇಡೀ ಗುಡ್ಡವನ್ನೇ ಒಪ್ಪಿಸಿದ್ದಾರೆ, ಇತರರೊಂದಿಗೆ ಸೌಹಾರ್ದದಿಂದ ಇದ್ದಾರೆ ಎಂದು. ವರದಿ ನಿನ್ನೆ ಹೋಯಿತು.

ವರ್ಷಗಟ್ಟಲೆ ಇನ್ನೊಬ್ಬರ ಉಸಿರಿನ ಸದ್ದಿನಲ್ಲೇ ಮಲಗಿದವರಿಗೆ ಸುತ್ತ ಯಾರೂ ಇಲ್ಲದ ಒಂದು ಜಾಗ ಎಂದರೆ ಏನು ಎಂದು ಊಹಿಸಲು ಯತ್ನಿಸಿದೆ. ನಾನು ಒಬ್ಬಳೇ ಇರುವವಳು. ನನ್ನ ಒಂಟಿತನ ನಾನೇ ಆರಿಸಿಕೊಂಡದ್ದು ಎಂದು ಹೇಳಿಕೊಳ್ಳುತ್ತೇನೆ. ನಿಮ್ಮ ಪತ್ರ ಓದಿದ ಮೇಲೆ, ಅದು ಆರಿಸಿಕೊಂಡದ್ದೋ, ಅಭ್ಯಾಸವಾದದ್ದೋ ಎಂಬ ಯೋಚನೆ ಬಂತು. ಇದನ್ನು ಇಲ್ಲಿ ಬರೆಯುವ ಅಗತ್ಯವಿರಲಿಲ್ಲ.

ಹಿಂದೊಮ್ಮೆ ಬೆಂಕಿ ಬಿದ್ದ ಗುಡ್ಡ ಎಂದಿದ್ದೀರಿ. ನಾನು ಏನನ್ನೂ ಕೇಳುವುದಿಲ್ಲ. ಊಟದ ಬಗ್ಗೆ ಬರೆದಿದ್ದೀರಿ, ಅಡುಗೆ ಮಾಡುವವರು ಯಾರೆಂದು ಬರೆದಿಲ್ಲ.

ಲುಸಿಂದಾ


ಅಜಿನ್ಯಾಲ್, ೧೪ ಜುಲೈ ೧೯೯೬

ದೋನಾ ಲುಸಿಂದಾ,

ನಿಮ್ಮ ಪತ್ರ ಓದಿ ಕೋಪ ಬಂತು. ಅದು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ.

ನಮ್ಮ ಕೆಲಸದಲ್ಲಿ ಒಬ್ಬನಿಗೆ ಒಂದು ಮರ ಎಂಬುದೇ ಇಲ್ಲ. ಒಂದು ಮರಕ್ಕೆ ಇಬ್ಬರು. ಆ ಕಡೆ ಒಬ್ಬ, ಈ ಕಡೆ ಒಬ್ಬ. ಎರಡು ಕೊಡಲಿಯೂ ಒಂದೇ ತಾಳಕ್ಕೆ ಬೀಳಬೇಕು, ಎದುರಿನವನ ಕೈ ಎಲ್ಲಿದೆ ಎಂದು ನೋಡದೆ ತಿಳಿಯಬೇಕು. ತೊಗಟೆ ಬಿಟ್ಟುಕೊಂಡಾಗ ಒಬ್ಬ ಮೀಟುತ್ತಾನೆ, ಇನ್ನೊಬ್ಬ ಅದನ್ನು ಎದೆಗಾನಿಸಿ ಇಳಿಸಿಕೊಳ್ಳುತ್ತಾನೆ. ಒಬ್ಬನೇ ಸುಲಿದರೆ ಅದು ಬಿದ್ದು ಒಡೆಯುತ್ತದೆ. ನನ್ನವು ದಿನಾ ಒಡೆಯುತ್ತಿವೆ. ಮರ ನನಗೊಬ್ಬನಿಗೇ ಎಂದರೆ, ನನ್ನ ಎದುರು ನಿಲ್ಲಲು ಯಾರೂ ಒಪ್ಪಿಲ್ಲ ಎಂದರ್ಥ. ಇದನ್ನು ಯಾರಿಗಾದರೂ ಬಿಡಿಸಿ ಹೇಳಬೇಕಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಈಗ ಅದು ನ್ಯಾಯಾಧೀಶರ ಮೇಜಿನ ಮೇಲೆ ಸೌಹಾರ್ದವಾಗಿ ಕೂತಿದೆ.

ಉಳಿದದ್ದನ್ನೂ ಕೇಳಿ. ಬಂದ ದಿನವೇ ನನ್ನ ಲೈಟರು ತೆಗೆದುಕೊಂಡರು. ಸಿಗರೇಟು ಬಿಟ್ಟೆ. ಮಧ್ಯಾಹ್ನ ಅಡುಗೆಗೆ ಒಲೆ ಹಚ್ಚುವಾಗ ನಾನು ನೀರಿನ ಪೀಪಾಯಿಯ ಆ ಕಡೆ ಹೋಗಿ ಕೂರಬೇಕು. ಹಾಗೆಂದು ಯಾರೂ ಹೇಳಿಲ್ಲ, ಮೊದಲ ದಿನ ಎಲ್ಲರ ಕಣ್ಣೂ ಅಲ್ಲಿಗೆ ತೋರಿಸಿದವು.

ಅಡುಗೆ ಮಾಡುವವರು ಯಾರೆಂದು ಕೇಳಿದ್ದೀರಿ. ಅದೆಲಿನೊ. ಮೇಸ್ತ್ರಿಯ ತಮ್ಮ. ನನ್ನ ಕಡತದಲ್ಲಿ ಆ ಹೆಸರು ಇದೆ, ನೀವು ಓದಿಯೇ ಇರುತ್ತೀರಿ. ಆಗ ಮೇಸ್ತ್ರಿಯ ಎದುರು ಮರಕ್ಕೆ ನಿಲ್ಲುತ್ತಿದ್ದವನು ಅವನೇ. ಎಂಬತ್ತೇಳರ ಜುಲೈನಲ್ಲಿ ನಾನು ಕುಡಿದು ಒಂದು ಮರಕ್ಕೆ ಕೊಡಲಿ ಆಳಕ್ಕೆ ಇಳಿಸಿಬಿಟ್ಟೆ. ತೊಗಟೆಯ ಒಳಗೆ ಒಂದು ಪದರ ಇದೆ, ತಾಯಿ ಎನ್ನುತ್ತೇವೆ. ಅದಕ್ಕೆ ಏಟು ಬಿದ್ದರೆ ಅಲ್ಲಿ ಮತ್ತೆ ತೊಗಟೆ ಬರುವುದಿಲ್ಲ. ಮೇಸ್ತ್ರಿ ಎಲ್ಲರೆದುರು ನನ್ನನ್ನು ಓಡಿಸಿದರು. ಸಂಜೆ ಹಿಂದಿರುಗಿ ಬಂದು ಸುಲಿದು ಪೇರಿಸಿದ್ದ ತೊಗಟೆಯ ಒಟ್ಟಿಲಿಗೆ ಬೆಂಕಿ ಇಟ್ಟೆ. ಒಟ್ಟಿಲಿಗೆ ಮಾತ್ರ ಎಂದುಕೊಂಡಿದ್ದೆ. ಗಾಳಿ ಎದ್ದಿತು. ಅದೆಲಿನೊ ತೊಗಟೆ ಎಳೆದು ಹಾಕಲು ಕೈ ಹಾಕಿದ. ಈಗ ಅವನ ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿ ಮುಷ್ಟಿಯಾಗಿಯೇ ಉಳಿದಿವೆ. ಬೆಂಕಿಪೊಟ್ಟಣವನ್ನು ಮಂಡಿಗಳ ನಡುವೆ ಹಿಡಿದು ಎಡಗೈಯಲ್ಲಿ ಗೀರುತ್ತಾನೆ. ಕಡ್ಡಿಗಳು ಮುರಿಯುತ್ತವೆ. ಯಾರೂ ಸಹಾಯಕ್ಕೆ ಹೋಗುವುದಿಲ್ಲ, ಅವನು ಬೈಯುತ್ತಾನೆ. ನಾನು ಪೀಪಾಯಿಯ ಆ ಕಡೆ ಕೂತು ಗೀರುವ ಸದ್ದು ಕೇಳುತ್ತೇನೆ. ದಿನಾ.

ನನ್ನನ್ನು ಇಲ್ಲಿಗೇ ಯಾಕೆ ಕಳಿಸಿದಿರಿ? ದೇಶದಲ್ಲಿ ಬೇರೆ ಗುಡ್ಡ ಇರಲಿಲ್ಲವೇ?

ಶನಿವಾರದ ಬಸ್ಸಿಗೆ ಹೊರಡುತ್ತೇನೆ. ಆಮೇಲೆ ನ್ಯಾಯಾಧೀಶರು ಏನು ಬೇಕಾದರೂ ಮಾಡಿಕೊಳ್ಳಲಿ. ಒಳಗೆ ಕನಿಷ್ಠ ಯಾರೂ ನನ್ನೆದುರು ಕಡ್ಡಿ ಗೀರುವುದಿಲ್ಲ.

ಬೆಲ್ಮಿರೊ


ಸೆತೂಬಲ್, ೧೭ ಜುಲೈ ೧೯೯೬

ಬೆಲ್ಮಿರೊ ಅವರೇ,

ಇದು ಶನಿವಾರಕ್ಕೆ ಮೊದಲು ತಲುಪುತ್ತದೆಯೋ ಇಲ್ಲವೋ.

ನಾನು ತಪ್ಪು ಓದಿದೆ. ನನಗೆ ಬೇಕಾದದ್ದನ್ನು ಓದಿದೆ. ಆ ವರದಿಯನ್ನು ಹಿಂದಕ್ಕೆ ಪಡೆಯಬಹುದು, ಪಡೆದರೆ ನಿಮ್ಮನ್ನು ವಾರದೊಳಗೆ ಕರೆಸಿಕೊಳ್ಳುತ್ತಾರೆ. ಆದ್ದರಿಂದ ಸುಳ್ಳನ್ನು ಅಲ್ಲೇ ಬಿಟ್ಟಿದ್ದೇನೆ. ಅದು ನಿಜವಾಗುವುದು ನನ್ನ ಕೈಯಲ್ಲಿಲ್ಲ.

ಅಲ್ಲಿಗೇ ಯಾಕೆ ಎಂಬ ಪ್ರಶ್ನೆಗೆ ಉತ್ತರವಿದೆ. ಹೇಳುವುದಿಲ್ಲ ಎಂದು ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ನಿಮ್ಮನ್ನು ಶಿಕ್ಷಿಸಲು ಅಲ್ಲ. ಇಷ್ಟನ್ನು ಮಾತ್ರ ನಂಬಿ.

ಬಸ್ಸು ಹತ್ತಬೇಡಿ.

ಲುಸಿಂದಾ


ಸೆತೂಬಲ್, ೨ ಆಗಸ್ಟ್ ೧೯೯೬

ಬೆಲ್ಮಿರೊ ಅವರೇ,

ನೀವು ಇಲ್ಲಿಗೆ ಬರಲಿಲ್ಲ. ಅಲ್ಲಿರುವಿರೋ ಗೊತ್ತಿಲ್ಲ. ಆ ಹೆಂಡದಂಗಡಿಗೆ ಫೋನು ಮಾಡಲು ಎರಡು ಸಲ ಎತ್ತಿಕೊಂಡು ಇಟ್ಟೆ. ಬೆಲ್ಮಿರೊ ಇದ್ದಾನೆಯೇ ಎಂದು ನಾನು ಕೇಳಿದ ಗಳಿಗೆಯಲ್ಲೇ, ಅವನು ಇಲ್ಲದಿರಬಹುದು ಎಂಬುದು ಊರಿನ ಮಾತಾಗುತ್ತದೆ.

ನಿಮ್ಮ ಕೋಣೆಗೆ ಹೊಸಬರೊಬ್ಬರು ಬಂದಿದ್ದಾರೆ. ಗೂಟದ ಮೇಲಿನದು ಯಾರದು ಎಂದು ಕೇಳಿದರು. ಕೆಲಸದ ಮೇಲೆ ಹೋಗಿರುವವರದು ಎಂದೆ.

ಲುಸಿಂದಾ


ಅಜಿನ್ಯಾಲ್, ೧೧ ಆಗಸ್ಟ್ ೧೯೯೬

ದೋನಾ ಲುಸಿಂದಾ,

ನಿಮ್ಮ ಎರಡು ಪತ್ರಗಳೂ ಸೇರಿವೆ. ಮೊದಲನೆಯದು ನಾನು ಶನಿವಾರ ಬಸ್ಸಿಗೆ ಹೊರಟ ಮೇಲೆ ಬಂದಿತ್ತು.

ಹೊರಟಿದ್ದು ನಿಜ. ಡಾಂಬರು ರಸ್ತೆಗೆ ಕರಿಗುಡ್ಡದ ಹಿಂದಿನಿಂದ ಒಂದು ಒಳದಾರಿ ಇದೆ. ಈ ಸಲ ಬಂದ ಮೇಲೆ ಆ ಕಡೆ ನಾನು ಹೋಗಿರಲೇ ಇಲ್ಲ. ಅಲ್ಲಿ ಮರಗಳಿಲ್ಲ, ಬರೀ ಮೋಟುಗಳು. ಎಂಬತ್ತೇಳರಲ್ಲಿ ನಾವು ಸುಲಿದು, ಅಂಕಿ ಬರೆದು ಮುಗಿಸಿದ್ದು ಆ ಕಡೆಯನ್ನೇ. ತೊಗಟೆ ಇದ್ದ ಮರವನ್ನು ಬೆಂಕಿ ಹೊರಗಿನಿಂದ ಕರಕಲು ಮಾಡಿ ಬಿಟ್ಟುಹೋಗುತ್ತದೆ. ಸುಲಿದ ಮರಕ್ಕೆ ಮೈಮೇಲೆ ಏನೂ ಇರುವುದಿಲ್ಲ.

ಮೋಟುಗಳ ನಡುವೆ, ಒಂದು ಬಂಡೆಯ ಮರೆಯಲ್ಲಿ ಒಂದು ಮರ ನಿಂತಿತ್ತು. ಅರ್ಧ ಮೈ ಸತ್ತಿದೆ, ಕೊಂಬೆ ಇಲ್ಲ. ಬಂಡೆಯ ಕಡೆಗಿದ್ದ ಅರ್ಧ ಹಸಿರು. ಆ ಬದಿಯಲ್ಲಿ ಬಿಳಿ ಬಣ್ಣದ ಏಳು. ಒಳಗಿನಿಂದ ಹೊಸ ತೊಗಟೆ ದಪ್ಪವಾಗುತ್ತ ಅಂಕಿಯನ್ನು ಹಿಗ್ಗಿಸಿ, ಸೀಳಿ, ಮೊಳದಷ್ಟು ಉದ್ದ ಮಾಡಿದೆ. ಅದರ ಕೆಳಗೆ ಒಂದು ಗಾಯ. ನನ್ನದೇ. ಯಾವ ಕಡೆಯಿಂದ ಕೊಡಲಿ ಬಂದಿತ್ತೆಂದು ನನ್ನ ಭುಜಕ್ಕೆ ಗೊತ್ತಿತ್ತು. ಗಾಯ ಮುಚ್ಚಿಲ್ಲ. ಆದರೆ ಸುತ್ತ ತೊಗಟೆ ಉಬ್ಬಿ ತುಟಿಯ ಹಾಗೆ ಬಂದು ನಿಂತಿದೆ. ಅದರ ಸಂದಿಯಲ್ಲಿ ಇರುವೆಗಳು ಓಡಾಡುತ್ತಿದ್ದವು, ಅವಕ್ಕೆ ಅದು ರಸ್ತೆ.

ಗಂಟು ಕೆಳಗಿಟ್ಟು ಕೂತೆ. ಬಸ್ಸಿನ ಸದ್ದು ಬಂತು, ನಿಂತಿತು, ಹೋಯಿತು. ಇದು ಬದುಕಲು ನಾನು ಯಾವ ಕಾರಣವನ್ನೂ ಉಳಿಸಿರಲಿಲ್ಲ. ನನ್ನನ್ನು ಕೇಳದೆ ಬದುಕಿತ್ತು. ನನಗೆ ಅಳು ಬರಲಿಲ್ಲ. ದೊಡ್ಡ ಚರ್ಚಿನೊಳಗೆ ಕಾಲಿಟ್ಟವನು ಟೋಪಿ ತೆಗೆಯುವ ಹಾಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ, ಅಷ್ಟೆ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಅದೆಲಿನೊ ಬಂದ, ಹೆಗಲ ಮೇಲೆ ನೀರಿನ ಹೂಜಿ.

"ಹೋಗೋದಾದ್ರೆ ಹೋಗು. ಕೊಡಲಿ ಇಟ್ಟು ಹೋಗು, ಅದು ನಮ್ಮಣ್ಣಂದು."

"ಕೊಡಲಿ ಶಾಲೆಯಲ್ಲೇ ಇದೆ" ಎಂದೆ.

"ಗೊತ್ತು. ಮಾತಿಗೆ ಹೇಳಿದೆ." ಮರವನ್ನು ನೋಡಿದ. "ಸಿಕ್ತಾ ಇದು? ಎರಡು ತಿಂಗಳಾಯ್ತಲ್ಲೋ ಬಂದು. ಕುರುಡನಿಗೂ ಇಷ್ಟು ದಿನ ಬೇಕಾಗಿರಲಿಲ್ಲ." ನೀರು ಕೊಟ್ಟ. ಕುಡಿದೆ. ಅವನು ಹೂಜಿ ಹೆಗಲಿಗೇರಿಸಿ ಶಾಲೆಯ ಕಡೆ ನಡೆದ, ನಾನು ಗಂಟು ಎತ್ತಿಕೊಂಡು ಹಿಂದೆ ಹೋದೆ.

ಸೋಮವಾರ ನಾನು ಕರಿಗುಡ್ಡದಲ್ಲಿ ಕೊಡಲಿ ಎತ್ತಿದಾಗ ಅವನು ಬಂದು ಮರದ ಆ ಕಡೆ ನಿಂತ. ಕೊಡಲಿ ಹಿಡಿಯಲಾಗದವನು ಎದುರು ನಿಂತು ಏನು ಮಾಡುತ್ತಾನೆ? "ನೀನು ಮೀಟು, ನಾನು ಇಳಿಸ್ಕೋತೀನಿ. ಎದೆ ಸುಟ್ಟಿಲ್ಲವಲ್ಲ" ಎಂದ. ಎಡಗೈ, ಎದೆ, ಆ ಮುಷ್ಟಿ ಎಲ್ಲ ಒಡ್ಡಿ ತೊಗಟೆಯನ್ನು ಇಳಿಸಿಕೊಂಡ. ಒಡೆಯಲಿಲ್ಲ. ನಾನು ಕೊಡಲಿ ಎತ್ತುವಾಗಲೆಲ್ಲ ಅವನ ಒಳ್ಳೆಯ ಕೈ ಮರದ ಮೇಲೆ, ನನ್ನ ಏಟಿನ ಹತ್ತಿರ ಇರುತ್ತದೆ. ಅವನು ಅದನ್ನು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.

ಮೇಸ್ತ್ರಿ ನೋಡಿಯೂ ನೋಡದ ಹಾಗೆ ಇದ್ದರು. ಹೀಗೆ ಮೂರು ವಾರ ಹೋಯಿತು.

ನಿನ್ನೆ ಒಂದು ದೊಡ್ಡ ಮರ ನಮ್ಮನ್ನು ತಡಮಾಡಿಸಿತು. ಒಲೆ ತಣ್ಣಗಿತ್ತು. ಗುಂಪಿಗೆ ಹಸಿವು.

"ಅದೆಲಿನೊ, ಇವತ್ತು ಉಪವಾಸ ಏನಪ್ಪಾ? ಮೊದಲೇ ಹೇಳಿದ್ರೆ ಪಾಪನಿವೇದನೆನೂ ಮಾಡ್ಕೊಂಡು ಬರ್ತಿದ್ದೆ" ಎಂದ ತೊಮೆ.

ಅದೆಲಿನೊ ಈರುಳ್ಳಿ ಹೆಚ್ಚುತ್ತಿದ್ದ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ತಲೆ ಎತ್ತದೆ, ಪೀಪಾಯಿಯ ಮೇಲಿಂದ ನನ್ನ ಕಡೆ ಎಸೆದ. "ನನ್ನ ಕೈಗೆ ಬಿಡುವಿಲ್ಲ. ನೀನು ಹಚ್ಚು."

ಮೇಸ್ತ್ರಿ ರೊಟ್ಟಿ ಕೊಯ್ಯುವುದನ್ನು ನಿಲ್ಲಿಸಿದರು. ನಾನು ಒಲೆಯ ಹತ್ತಿರ ಕೂತೆ. ಮೊದಲ ಕಡ್ಡಿ ಮುರಿಯಿತು. ಎರಡನೆಯದೂ ಮುರಿಯಿತು.

"ಏನೋ ನಿಂದು?" ಎಂದ ಅದೆಲಿನೊ. "ಆವತ್ತು ಒಂದೇ ಕಡ್ಡಿಗೆ ಹತ್ತಿತ್ತಲ್ಲೋ!"

ಮೊದಲು ನಕ್ಕವರು ಮೇಸ್ತ್ರಿ. ಆಮೇಲೆ ತೊಮೆ ನೆಲಕ್ಕೆ ಬಿದ್ದು ಹೊರಳಿ ನಕ್ಕ. "ಲೋ, ಬಕೆಟ್ಟು ಹತ್ರ ಇಟ್ಕೊಳ್ರೋ!" ಎಂದು ಕೂಗಿದ. ಅದೆಲಿನೊ ಮಾತ್ರ ಈರುಳ್ಳಿ ಹೆಚ್ಚುತ್ತಲೇ ಇದ್ದ. ಅವನ ಕಣ್ಣಲ್ಲಿ ನೀರಿತ್ತು, ಈರುಳ್ಳಿಗೆ ಬಂದದ್ದು ಎಂದೇ ಬರೆಯುತ್ತೇನೆ.

ಮೂರನೆಯ ಕಡ್ಡಿ ಹತ್ತಿತು. ಬೆಂಕಿ ಸಣ್ಣದಾಗಿತ್ತು. ಅದು ಅಷ್ಟು ಸಣ್ಣದಾಗಿಯೂ ಇರಬಲ್ಲದು ಎಂಬುದನ್ನು ನಾನು ಮರೆತಿದ್ದೆ.

ಬೆಲ್ಮಿರೊ


ಸೆತೂಬಲ್, ೧೮ ಆಗಸ್ಟ್ ೧೯೯೬

ಬೆಲ್ಮಿರೊ,

ಈಗ ನಾನು ಕೊಟ್ಟ ಮಾತನ್ನು ಮುರಿಯುತ್ತೇನೆ.

ಫೆಬ್ರವರಿಯಲ್ಲಿ ಒಬ್ಬರು ನಮ್ಮ ಕಚೇರಿಗೆ ಬಂದರು. ಬಲಗೈಯನ್ನು ಕೋಟಿನ ಜೇಬಿನಿಂದ ತೆಗೆಯಲಿಲ್ಲ. "ಬೆಲ್ಮಿರೊ ಹೊರಗೆ ಬರ್ತಾನಂತೆ. ನಮ್ಮ ಗುಂಪಿಗೆ ಕಳಿಸಿ" ಎಂದರು. ಹೆಸರು ಕೇಳಿದೆ, ಅದೆಲಿನೊ ಗಾಲ್ರಿತೊ ಎಂದರು. ನಿಮ್ಮ ಕಡತ ನನಗೆ ನೆನಪಿತ್ತು. ಬೆಲ್ಮಿರೊ ಅವರನ್ನು ಕ್ಷಮಿಸಿದ್ದೀರಾ ಎಂದು ಕೇಳಿಬಿಟ್ಟೆ. ನಮ್ಮಂಥವರು ಕೇಳುವ ಪ್ರಶ್ನೆ.

ಅವರು ನಕ್ಕರು. "ಕ್ಷಮೆ ಗಿಮೆ ಎಲ್ಲ ಪಾದ್ರಿ ಕೆಲಸ ಕಣಮ್ಮಾ. ಆ ಮುಂಡೇಮಗ ಗುಡ್ಡ ಪೂರ್ತಿ ಸತ್ತೋಯ್ತು ಅಂದ್ಕೊಂಡೇ ಒಳಗೆ ಕೂತಿರ್ತಾನೆ. ಮರುವರ್ಷಾನೇ ಚಿಗುರಿತ್ತು. ನನ್ನ ಕಣ್ಣಾರೆ ನೋಡಿದೀನಿ, ಕೈಗೆ ಬ್ಯಾಂಡೇಜು ಕಟ್ಕೊಂಡು ಹೋಗಿ ನೋಡಿದೀನಿ. ಅವನಿಗೆ ಯಾರೂ ಹೇಳಿಲ್ಲ. ಕಾಗದದಲ್ಲಿ ಹೇಳಿದ್ರೆ ನಂಬಲ್ಲ. ಅವನೇ ಬಂದು ಸುಲಿದು ನೋಡ್ಲಿ."

ಆ ಗುಡ್ಡದ ಮರಗಳನ್ನು ಇಷ್ಟು ವರ್ಷ ಯಾಕೆ ಸುಲಿದಿಲ್ಲ ಎಂದೆ. ಮೇಸ್ತ್ರಿಗೆ ಮುಟ್ಟಬೇಡ ಎಂದು ತಾನೇ ಹೇಳಿಟ್ಟಿದ್ದೇನೆ ಎಂದರು. ಅವನು ಬರುವವರೆಗೆ ಅದು ಹಾಗೇ ಇರಲಿ ಎಂದು. ಬೆಲ್ಮಿರೊ, ನಿಮಗಾಗಿ ಒಂದು ಗುಡ್ಡವನ್ನು ಕಾಯ್ದಿರಿಸಿದ್ದರು.

ಹೊರಡುವಾಗ ಬಾಗಿಲಲ್ಲಿ ನಿಂತು, "ನಾನು ಬಂದಿದ್ದು ಹೇಳ್ಬೇಡಿ. ಹೇಳಿದ್ರೆ ನನ್ನ ಮುಖ ನೋಡಕ್ಕಾಗದೆ ಮೊದಲನೇ ವಾರವೇ ಓಡ್ತಾನೆ" ಎಂದರು. ನೀವು ಓಡಲು ಎರಡು ತಿಂಗಳು ತೆಗೆದುಕೊಂಡಿರಿ. ಅವರ ಲೆಕ್ಕ ಅಷ್ಟರ ಮಟ್ಟಿಗೆ ತಪ್ಪಿತು.

ಅವರು ಹೋದ ಮೇಲೆ ನಾನು ಕಿಟಕಿಯ ಬಳಿ ನಿಂತಿದ್ದೆ. ಹೊರಗೆ ಮಳೆ ಇತ್ತೋ ಬಿಸಿಲಿತ್ತೋ ನೆನಪಿಲ್ಲ. ಇಷ್ಟು ವರ್ಷ ನಾನು ಯಾವುದನ್ನು ಪುನರ್ವಸತಿ ಎಂದು ಕಾಗದದಲ್ಲಿ ಬರೆಯುತ್ತ ಬಂದೆನೋ, ಅದು ಒಂದು ಕೋಟಿನ ಜೇಬಿನಲ್ಲಿ ಮುಷ್ಟಿ ಕಟ್ಟಿಕೊಂಡು ಬಂದು ಹೋಗಿತ್ತು. ಅದಕ್ಕೆ ನನ್ನ ಬಳಿ ಹೆಸರಿರಲಿಲ್ಲ. ಈಗಲೂ ಇಲ್ಲ. ಹೆಸರಿಡದೆ ನೋಡುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.

ಅಂತಿಮ ವರದಿ ಬರೆಯಬೇಕು. ಮೊದಲನೆಯದರಲ್ಲಿ ಬರೆದ ಸುಳ್ಳನ್ನೇ ಮತ್ತೆ ಬರೆಯುತ್ತೇನೆ. ಒಂದು ಅಕ್ಷರವನ್ನೂ ಬದಲಾಯಿಸುವುದಿಲ್ಲ, ಮರ ಒಬ್ಬನಿಗೇ ಎಂಬ ಮಾತನ್ನು ಬಿಟ್ಟು.

ಲುಸಿಂದಾ


ಅಜಿನ್ಯಾಲ್, ೧ ಸೆಪ್ಟೆಂಬರ್ ೧೯೯೬

ದೋನಾ ಲುಸಿಂದಾ,

ಹಂಗಾಮು ನಿನ್ನೆ ಮುಗಿಯಿತು. ಕರಿಗುಡ್ಡ ಈಗ ಕರಿಯಾಗಿಲ್ಲ. ಸುಲಿದ ಮೈ ಮೊದಲು ತಿಳಿಯಾಗಿದ್ದದ್ದು ಬಿಸಿಲಿಗೆ ಕೆಂಪೇರಿದೆ. ಸಂಜೆ ಕೆಳಗಿನಿಂದ ನೋಡಿದರೆ ಇಡೀ ಗುಡ್ಡ ಕೆಂಪಗೆ ಕಾಣುತ್ತದೆ. ಊರಿನವರು ಮನೆಯ ಹೊರಗೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಎಂಬತ್ತೇಳರಲ್ಲೂ ಹೀಗೇ ಹೊರಗೆ ನಿಂತು ನೋಡಿದ್ದರಂತೆ. ಇದನ್ನು ಹೇಳಿದ್ದು ತೊಮೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಪರವಾಗಿಲ್ಲ ಎಂದೆ.

ನಿಮ್ಮ ಪತ್ರವನ್ನು ಅದೆಲಿನೊಗೆ ತೋರಿಸಿಲ್ಲ. ಅವನನ್ನು ಏನೂ ಕೇಳಿಲ್ಲ. ನನಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಗಿರಬೇಕು, ಎರಡು ದಿನ ನನ್ನನ್ನು ಸುಮ್ಮಸುಮ್ಮನೆ ಬೈದ.

ಕೊನೆಯ ಕೆಲಸ ಅಂಕಿ ಬರೆಯುವುದು. ಅವನು ಬಣ್ಣದ ಡಬ್ಬಿ ಹಿಡಿದ, ನಾನು ಬರೆದೆ. ಮರದಿಂದ ಮರಕ್ಕೆ ಆರು, ಆರು, ಆರು. ಬಂಡೆಯ ಹತ್ತಿರದ ಮರಕ್ಕೂ ಹೋದೆವು. ಲೆಕ್ಕದ ಪ್ರಕಾರ ಅದರ ಸರದಿ ಈ ವರ್ಷವೇ. ಮೇಸ್ತ್ರಿ ಕೊಡಲಿಯ ಹಿಂಬದಿಯಿಂದ ಬಡಿದು, ಕಿವಿ ಹಚ್ಚಿ ಕೇಳಿದರು. ಟೊಳ್ಳು ಸದ್ದು ಬಂತು, ತೊಗಟೆ ಬಿಡುತ್ತಿತ್ತು. ನಾನು ಕೊಡಲಿ ಎತ್ತಿರಲಿಲ್ಲ. ಅದೆಲಿನೊ ಆ ಕಡೆ ನಿಂತಿದ್ದ. ಮೇಸ್ತ್ರಿ ಗಾಯದ ತುಟಿಯ ಮೇಲೆ ಹೆಬ್ಬೆರಳು ಓಡಿಸಿದರು.

"ಇದನ್ನ ಈ ಸಲ ಬಿಡೋಣ" ಎಂದರು. "ಐದಕ್ಕೆ ನೀನು ನೋಡ್ಕೋ."

ಐದು ಎಂದರೆ ಎರಡು ಸಾವಿರದ ಐದು, ಇನ್ನೂ ಒಂಬತ್ತು ವರ್ಷ. ನಾಳಿದ್ದು ಸಂತೆಗೆ ಹೋಗಿ ಬಾ ಎಂದ ಹಾಗೆ ಹೇಳಿ, ಬೆನ್ನು ತಿರುಗಿಸಿ ಇಳಿದು ಹೋದರು. ಅದೆಲಿನೊ ಡಬ್ಬಿಯ ಮುಚ್ಚಳ ಹಾಕಲಾಗದೆ ಒದ್ದಾಡುತ್ತಿದ್ದ. ತೆಗೆದುಕೊಂಡು ಹಾಕಿದೆ. ಬೈಯಲಿಲ್ಲ.

ಚಳಿಗಾಲದಲ್ಲಿ ಆಲಿವ್ ಕೊಯ್ಲಿಗೂ ಇಲ್ಲೇ ಇರು ಎಂದು ಮೇಸ್ತ್ರಿ ಹೇಳಿದ್ದಾರೆ. ಬೆಲ್ಟನ್ನು ಆ ಹೊಸಬರಿಗೆ ಕೊಟ್ಟುಬಿಡಿ. ಹೋಗುವಾಗ ಅವರೂ ಮರೆತರೆ ಗೂಟದಲ್ಲೇ ಇರಲಿ.

ಬೆಲ್ಮಿರೊ